ಹೊರದೇಶದ ಪೇಟೆಂಟ್ ಅರ್ಜಿಯನ್ನು ಇಲ್ಲಿ ತಿಳಿಸಬೇಕೇ?

ಪ್ರಶ್ನೆ: ತೆಂಗಿನಕಾಯಿ ಸುಲಿಯುವ ಯಂತ್ರವೊಂದಕ್ಕೆ ಚೆನ್ನೈನ ಪೇಟೆಂಟ್ ಕಚೇರಿಯಲ್ಲಿ ಅರ್ಜಿ ಹಾಕಿದ್ದೇನೆ. ಬಳಿಕ ಫಿಲಿಪ್ಪೀನ್ಸ್‌ನಲ್ಲಿ ಹಾಕಿದ ಅರ್ಜಿಗೆ ಆಕ್ಷೇಪಣೆ ಬಂದದ್ದರಿಂದ ಅದನ್ನು ಕೈಬಿಟ್ಟೆ. ಶ್ರೀಲಂಕಾದ ಹಕ್ಕನ್ನು ನಾನು ಬರೆದುಕೊಟ್ಟ ವ್ಯಾಪಾರಿಯೊಬ್ಬರು ಅಲಗನ್ನು ತುಸು ಬದಲಿಸಿ ಅಲ್ಲಿ ತಮ್ಮ ಹೆಸರಿನಲ್ಲಿ ಅರ್ಜಿ ಸಲ್ಲಿಸಿದ್ದಾರೆ. ಕಳೆದ ತಿಂಗಳು ಚೆನ್ನೈನಿಂದ ಮೊದಲ ಪರೀಕ್ಷಾ ವರದಿ ಬಂದಿದೆ. ಇವನ್ನೆಲ್ಲ ತಿಳಿಸಿದರೆ ನನ್ನ ಅರ್ಜಿಗೇ ಪೆಟ್ಟಾಗುವುದಿಲ್ಲವೇ?
— ಓದುಗರೊಬ್ಬರು, ತಿಪಟೂರು

ಉತ್ತರ: ಎರಡನ್ನೂ ತಿಳಿಸಲೇಬೇಕು. ಅದೇ ಅಥವಾ ಬಹುಮಟ್ಟಿಗೆ ಅದೇ ಆವಿಷ್ಕಾರಕ್ಕೆ ಹೊರದೇಶದಲ್ಲಿ ಸಲ್ಲಿಸಿದ ಅರ್ಜಿಯ ವಿವರವನ್ನು, ಮುಂದಿನ ಬೆಳವಣಿಗೆ ತಿಳಿಸುವೆನೆಂಬ ಮುಚ್ಚಳಿಕೆಯೊಂದಿಗೆ, ಫಾರ್ಮ್ 3ರಲ್ಲಿ ಕೊಡಬೇಕೆಂದು 1970ರ ಪೇಟೆಂಟ್ ಕಾಯ್ದೆಯ 8ನೇ ಕಲಂ ಹೇಳುತ್ತದೆ. ಅರ್ಜಿ ನಿಮ್ಮ ಹೆಸರಿನಲ್ಲೇ ಇರಬೇಕೆಂದಿಲ್ಲ. ನಿಮ್ಮಿಂದ ಹಕ್ಕು ಪಡೆದವರು ಸಲ್ಲಿಸಿದ್ದು ನಿಮಗೆ ತಿಳಿದಿದ್ದರೂ ಈ ಹೊಣೆ ತಪ್ಪದು. ಅಲಗು ಬದಲಾದ ಮಾತ್ರಕ್ಕೆ ಆವಿಷ್ಕಾರವೇ ಬೇರೆಯಾಯಿತೆಂದು ನೀವೇ ತೀರ್ಮಾನಿಸುವುದು ಜಾಣತನವಲ್ಲ.

ಫಾರ್ಮ್‌ನಲ್ಲಿ ದೇಶ, ಅರ್ಜಿಯ ದಿನಾಂಕ ಮತ್ತು ಸಂಖ್ಯೆಗಳ ಜೊತೆಗೆ ಸದ್ಯದ ಸ್ಥಿತಿಗೂ ಒಂದು ಅಂಕಣವಿದೆ. ಫಿಲಿಪ್ಪೀನ್ಸ್ ಅರ್ಜಿಯೆದುರು ‘ಕೈಬಿಡಲಾಗಿದೆ’ ಎಂದು ಬರೆಯಿರಿ. ಅಲ್ಲಿನ ಆಕ್ಷೇಪಣೆ ಇಲ್ಲಿ ಅರ್ಜಿಯನ್ನು ತೀರ್ಮಾನಿಸುವ ಪೇಟೆಂಟ್ ಅಧಿಕಾರಿಯಾದ ಕಂಟ್ರೋಲರ್ ಅವರನ್ನು ಕಟ್ಟಿಹಾಕುವುದಿಲ್ಲ. ಹೊರದೇಶದ ಅರ್ಜಿಗಳ ಮಾಹಿತಿಗಾಗಿ ತಮಗೆ ಲಭ್ಯವಿರುವ ದತ್ತಸಂಚಯಗಳನ್ನು ಅವರೇ ನೋಡಬೇಕೆಂದು 2024ರ ತಿದ್ದುಪಡಿ ನಿಯಮಗಳು ಹೇಳಿರುವಾಗ ಮುಚ್ಚಿಟ್ಟು ಗಳಿಸುವುದೂ ಏನಿಲ್ಲ.

ಅದೇ ತಿದ್ದುಪಡಿಯಂತೆ, ಮೊದಲ ಪರೀಕ್ಷಾ ವರದಿ ಹೊರಟ ದಿನದಿಂದ ಮೂರು ತಿಂಗಳೊಳಗೆ ಹೊಸ ವಿವರಗಳ ಫಾರ್ಮ್ 3 ಸಲ್ಲಿಸಬೇಕು. ತಡವಾದರೆ ಫಾರ್ಮ್ 4ರಲ್ಲಿ ಹೆಚ್ಚಿನ ಕಾಲಾವಕಾಶ ಕೋರಬಹುದಾದರೂ ಅದಕ್ಕೆ ಶುಲ್ಕ ತೆರಬೇಕಾಗುತ್ತದೆ.

ತಿಳಿಸದಿದ್ದರೆ ಅದೇ ಕಾರಣಕ್ಕೆ ಪ್ರತಿಸ್ಪರ್ಧಿಗಳು ನಿಮ್ಮ ಅರ್ಜಿಯನ್ನು ವಿರೋಧಿಸಬಹುದು. ಪೇಟೆಂಟ್ ಸಿಕ್ಕ ಮೇಲೂ 64ನೇ ಕಲಮಿನಡಿ ಅದರ ರದ್ದತಿ ಕೋರಬಹುದು. ರೈಲ್ವೆ ಬೋಗಿಯ ಬಿಡಿಭಾಗವೊಂದಕ್ಕೆ ಸಂಬಂಧಿಸಿದ ಕೆಮ್ಚುರಾ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2009ರಲ್ಲಿ ಪೇಟೆಂಟ್‌ದಾರರಿಗೆ ಸಿಕ್ಕಿದ್ದ ಮಧ್ಯಂತರ ತಡೆಯಾಜ್ಞೆಯನ್ನು ತೆರವುಗೊಳಿಸಿದ್ದಕ್ಕೆ ವಿದೇಶಿ ಅರ್ಜಿಗಳ ವಿವರ ಕೊಡದಿದ್ದದ್ದೂ ಒಂದು ಕಾರಣವಾಗಿತ್ತು. ಲೋಪ ಕಂಡೊಡನೆ ಪೇಟೆಂಟ್ ತಾನಾಗಿ ರದ್ದಾಗುವುದಿಲ್ಲ, ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು ಎಂದು ಫಿಲಿಪ್ಸ್ ಪ್ರಕರಣದಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ 2014ರಲ್ಲಿ ಹೇಳಿತು, ನಿಜ. ಆದರೆ ತಿಳಿದೂ ಬಿಟ್ಟವರಿಗೆ ಆ ತೀರ್ಪು ದೊಡ್ಡ ಆಸರೆಯಾಗಲಾರದು. ನಿಮ್ಮ ಈ ಪತ್ರವೇ ನಿಮಗೆ ಎಲ್ಲವೂ ತಿಳಿದಿತ್ತೆಂಬುದಕ್ಕೆ ಸಾಕ್ಷಿ!

ಶ್ರೀಲಂಕಾದ ವ್ಯಾಪಾರಿಯಿಂದ ಅರ್ಜಿಯ ಸಂಖ್ಯೆ ಮತ್ತು ದಿನಾಂಕವನ್ನು ಈ ವಾರವೇ ಬರಹದಲ್ಲಿ ತರಿಸಿಕೊಳ್ಳಿ. ವರದಿ ಬಂದು ಆಗಲೇ ಒಂದು ತಿಂಗಳು ಕಳೆದಿದೆ.