ಸ್ವಂತ ಜಮೀನಿಲ್ಲದವರು ಅಮೆರಿಕದ ಸರ್ಕಾರಿ ಕಾಡಿನಲ್ಲಿ ಟರ್ಕಿ ಬೇಟೆ ಆಡಬಹುದೇ?

ನೀವು ಕೇಳಿರುವುದು ಇಷ್ಟು: ಮಿಸ್ಸೌರಿಗೆ ಬಂದು ಎರಡು ವರ್ಷವಾಗಿದೆ, ಎಚ್-1ಬಿ ವೀಸಾದಲ್ಲಿದ್ದೀರಿ. ಏಪ್ರಿಲ್ ಬಂತೆಂದರೆ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಟರ್ಕಿ ಕೋಳಿಯ ಮಾತು. ನಿಮಗೆ ಹೊಲವಿಲ್ಲ, ಹೊಲವಿರುವ ಪರಿಚಯಸ್ಥರೂ ಇಲ್ಲ. ಸರ್ಕಾರಿ ಕಾಡಿನಲ್ಲಿ ಹೊರಗಿನವರಿಗೆ ಅವಕಾಶವಿದೆಯೇ, ಇದ್ದರೆ ಎಲ್ಲಿಂದ ಆರಂಭಿಸಬೇಕು?

ಅವಕಾಶವಿದೆ. ನಾನು ಓಜಾರ್ಕ್ಸ್ ಗುಡ್ಡಗಳಲ್ಲಿರುವ ಮಾರ್ಕ್ ಟ್ವೈನ್ ರಾಷ್ಟ್ರೀಯ ಅರಣ್ಯದಲ್ಲಿ ಒಂಬತ್ತು ವಸಂತ ಕಳೆದಿದ್ದೇನೆ. ಸುಮಾರು ಹದಿನೈದು ಲಕ್ಷ ಎಕರೆಯ ಕಾಡು, ಒಳಗೆ ಹೋಗಲು ಯಾರ ಮನೆಯ ಬಾಗಿಲನ್ನೂ ತಟ್ಟಬೇಕಿಲ್ಲ. ಈ ಒಂಬತ್ತು ವರ್ಷಗಳಲ್ಲಿ ನಾನು ಹೊಡೆದದ್ದು ನಾಲ್ಕು ಹಕ್ಕಿ. ಈ ಲೆಕ್ಕ ಕೇಳಿ ನಿಮಗೆ ಉತ್ಸಾಹ ಇಳಿದರೆ ಮುಂದೆ ಓದಬೇಕಾಗಿಲ್ಲ.

ಮೊದಲು ವೀಸಾದ ವಿಷಯ, ಏಕೆಂದರೆ ನಿಮ್ಮ ಮಟ್ಟಿಗೆ ಹಕ್ಕಿಗಿಂತ ಅದೇ ದೊಡ್ಡದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದೇ ಕಾನೂನಿನಲ್ಲಿ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ ಬೇಟೆಯ ಪರವಾನಗಿ ನಿಮ್ಮ ಬಳಿ ಇರುವುದು. ಅಂದರೆ ಪರವಾನಗಿ ಕೈಗೆ ಬರುವ ಮುನ್ನ ಗೆಳೆಯನ ಕೋವಿಯನ್ನು 'ಸ್ವಲ್ಪ ಹಿಡಿದು ನೋಡುತ್ತೇನೆ' ಎನ್ನುವುದೂ ಬೇಡ, ಅದರ ಅವಧಿ ಮುಗಿದ ಮೇಲೂ ಬೇಡ. ನಿಮ್ಮ ವಲಸೆ ವಕೀಲರನ್ನು ಒಮ್ಮೆ ಕೇಳಿಕೊಳ್ಳಿ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರು ಒಂದು ಕೋಳಿಗಾಗಿ ಗಂಡಾಂತರ ತಂದುಕೊಳ್ಳಬಾರದು. ನನಗೂ ಗ್ರೀನ್ ಕಾರ್ಡ್ ಬರುವವರೆಗೆ ಧೈರ್ಯ ಸಾಲದೆ, ಮೊದಲ ವರ್ಷ ಬಿಲ್ಲು ಬಾಣ ಹಿಡಿದೇ ಕಾಡು ಸುತ್ತಿದೆ. ಇಲ್ಲಿ ಅದಕ್ಕೂ ಅನುಮತಿಯಿದೆ. ಹಕ್ಕಿ ಸಿಗಲಿಲ್ಲ ಎಂದು ಬೇರೆ ಹೇಳಬೇಕೇ?

ಉಳಿದ ನಿಯಮಗಳು ಸುಲಭ. 1967ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಬೇಟೆ ಶಿಕ್ಷಣದ ಪ್ರಮಾಣಪತ್ರ ಪಡೆಯಬೇಕು. ಮಿಸ್ಸೌರಿಯ ಮುಖ್ಯ ವಸಂತ ಋತು ಏಪ್ರಿಲ್‌ನ ಮೂರನೆಯ ಸೋಮವಾರ ಆರಂಭವಾಗಿ ಮೂರು ವಾರ ನಡೆಯುತ್ತದೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಗುಂಡು ಹಾರಿಸಬಹುದು. ಖಾಸಗಿ ಜಮೀನಿನವರಿಗೆ ಈಗ ಸಂಜೆಯವರೆಗೆ ಅವಕಾಶ ಸಿಕ್ಕಿದೆ, ನಮ್ಮಂಥ ಸರ್ಕಾರಿ ಕಾಡಿನವರಿಗೆ ಮಧ್ಯಾಹ್ನ ಒಂದು ಗಂಟೆಗೆ ಮುಗಿಯಿತು. ಹೊಡೆಯಬಹುದಾದದ್ದು ಹುಂಜವನ್ನು, ಅಥವಾ ಎದೆಯಲ್ಲಿ ಗಡ್ಡ ಕಾಣುವ ಹಕ್ಕಿಯನ್ನು. ಈ 'ಗಡ್ಡ' ನಿಜಕ್ಕೂ ಕೂದಲಿನಂತಾದ ಗರಿ, ಕೆಲವು ಹೇಂಟೆಗಳಿಗೂ ಇರುತ್ತದೆ. ಕಾನೂನು ಒಪ್ಪಿದರೂ ಗಡ್ಡದ ಹೇಂಟೆಯನ್ನು ನಾನು ಮುಟ್ಟುವುದಿಲ್ಲ, ಅವಳಿಗೆ ಆ ವಾರ ಮೊಟ್ಟೆಯ ಕೆಲಸವಿರುತ್ತದೆ. ಕಾಳು ಚೆಲ್ಲಿ ಆಸೆ ತೋರಿಸುವಂತಿಲ್ಲ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕುವಂತಿಲ್ಲ, ರೈಫಲ್ ಒಯ್ಯುವಂತಿಲ್ಲ. ರಾಜ್ಯದ ಸಂರಕ್ಷಣಾ ಪ್ರದೇಶಗಳಲ್ಲಿ ಒಂದೊಂದಕ್ಕೂ ಒಂದೊಂದು ನಿಯಮ: ಕೆಲವೆಡೆ ಬಾಣ ಮಾತ್ರ, ಕೆಲವೆಡೆ ಸೀಸದ ಚರೆ ನಿಷಿದ್ಧ. ಫಲಕ ಓದದೆ ಒಳಗೆ ಕಾಲಿಡಬೇಡಿ.

'ಹೊರಗಿನವರು' ಎಂಬ ನಿಮ್ಮ ಮಾತಿಗೊಂದು ಉತ್ತರ ಹೇಳಬೇಕು. ಈ ರಾಜ್ಯದಲ್ಲಿ ಹಕ್ಕಿ ಎಷ್ಟು ನಶಿಸಿತ್ತೆಂದರೆ 1937ರಲ್ಲಿ ಬೇಟೆಯನ್ನೇ ನಿಲ್ಲಿಸಿದರು. 1950ರ ದಶಕದ ಆರಂಭದಲ್ಲಿ ಇಡೀ ಮಿಸ್ಸೌರಿಯಲ್ಲಿ ಉಳಿದಿದ್ದವು ಎರಡೂವರೆ ಸಾವಿರಕ್ಕೂ ಕಡಿಮೆ. ಆಮೇಲೆ ಕಾಡುಹಕ್ಕಿಗಳನ್ನೇ ಬಲೆ ಹಾರಿಸಿ ಹಿಡಿದು, ಖಾಲಿಯಾದ ಕಾಡುಗಳಿಗೆ ಒಯ್ದು ಬಿಟ್ಟರು. 1960ರಲ್ಲಿ ಹದಿನಾಲ್ಕು ಕೌಂಟಿಗಳಲ್ಲಿ ಮತ್ತೆ ಬೇಟೆ ತೆರೆದಾಗ ಸಿಕ್ಕಿದ್ದು 94 ಹಕ್ಕಿ. ಇದಕ್ಕೆಲ್ಲ ಹಣ ಬಂದದ್ದು ಪರವಾನಗಿ ಶುಲ್ಕದಿಂದ, ಕೋವಿ ತೋಟಾಗಳ ಮೇಲಿನ ಕೇಂದ್ರ ತೆರಿಗೆಯಿಂದ. 1976ರಲ್ಲಿ ಇಲ್ಲಿನ ಮತದಾರರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮಾರಾಟ ತೆರಿಗೆಯಲ್ಲಿ ಶೇಕಡಾ ಒಂದರ ಎಂಟನೆಯ ಒಂದು ಪಾಲನ್ನು ವನ್ಯಜೀವಿ ಸಂರಕ್ಷಣೆಗೆ ಎತ್ತಿಟ್ಟರು. ಎಂಟು ಡಾಲರಿನ ಸಾಮಾನಿಗೆ ಒಂದು ಸೆಂಟ್. ಎರಡು ವರ್ಷದಿಂದ ನೀವು ಸೋನಾ ಮಸೂರಿ ಚೀಲ ಕೊಂಡಾಗಲೆಲ್ಲ ಆ ಕಾಸು ಕಟ್ಟುತ್ತಲೇ ಬಂದಿದ್ದೀರಿ.

ಈಗ ಬೇಟೆ. ನಾನು ಕೊಪ್ಪದ ಕಡೆಯವನು. 1972ರ ವನ್ಯಜೀವಿ ಕಾಯ್ದೆಗೆ ಮುಂಚಿನ ಸೋವು ಬೇಟೆಯ ಕಥೆಗಳನ್ನು ಅಜ್ಜನ ಬಾಯಿಂದ ಕೇಳಿ ಬೆಳೆದವನು. ನಾಯಿ, ತಮಟೆ, ಗದ್ದಲ. ಎಬ್ಬಿಸುವವರು ಒಂದು ಕಡೆ, ಕೋವಿಯವರು ಇನ್ನೊಂದು ಕಡೆ. ತಲೆಯಲ್ಲಿದ್ದ ಆ ಚಿತ್ರವೇ ನನಗೆ ಇಲ್ಲಿ ಮುಳುವಾಯಿತು. ವಸಂತದ ಟರ್ಕಿ ಬೇಟೆ ಅದರ ಪೂರ್ತಿ ಉಲ್ಟಾ.

ಹುಂಜ ರಾತ್ರಿ ಮರದ ಮೇಲೆ ಕಳೆಯುತ್ತದೆ. ಬೆಳಕು ಹರಿಯುವ ಹೊತ್ತಿಗೆ ಕೊಂಬೆಯ ಮೇಲಿನಿಂದಲೇ ಗಳಗಳನೆ ಕೂಗುತ್ತದೆ, ಇದಕ್ಕೆ ಇಲ್ಲಿ 'ಗಾಬಲ್' ಎನ್ನುತ್ತಾರೆ. ಸುತ್ತಲಿನ ಹೇಂಟೆಗಳು ಆ ಕೂಗಿನ ಕಡೆಗೆ ನಡೆದು ಬರುತ್ತವೆ. ಅದು ಇಳಿದು ನವಿಲಿನಂತೆ ಗರಿಗೆದರಿ ನಿಲ್ಲುತ್ತದೆ, ಅಷ್ಟೇ ಅದರ ಪಾಲಿನ ಕೆಲಸ. ನಮ್ಮಲ್ಲಿ ಹೆಣ್ಣು ನೋಡಲು ಗಂಡಿನವರು ಬರುತ್ತಾರೆ. ಇವುಗಳಲ್ಲಿ ಹೆಣ್ಣೇ ಗಂಡನ್ನು ನೋಡಲು ಹೋಗುತ್ತದೆ. ಮರದ ಪೆಟ್ಟಿಗೆಯೊಂದರ ಮುಚ್ಚಳ ಉಜ್ಜಿ ಹೇಂಟೆಯ ದನಿ ಹೊರಡಿಸುವ ನೀವು, ಆ ಹುಂಜಕ್ಕೆ ನಮ್ಮ ಸಂಪ್ರದಾಯ ಪಾಲಿಸು ಎಂದು ಹೇಳುತ್ತಿದ್ದೀರಿ. ಅದು ಸುಮ್ಮನೆ ಒಪ್ಪುವುದಿಲ್ಲ. 'ನೀನೇ ಬಾ' ಎಂದು ಅಲ್ಲಿಂದಲೇ ಕೂಗುತ್ತದೆ. ಅಲ್ಲಿ ನಿಮ್ಮ ತಾಳ್ಮೆ ಕೆಡುತ್ತದೆ, ಎದ್ದು ಅದರ ಕಡೆ ಹೊರಡುತ್ತೀರಿ.

ನಾನೂ ಹೊರಟೆ. ಕೋವಿ ಹಿಡಿದ ಮೊದಲ ವಸಂತ ಅದು. ದಿಣ್ಣೆಯ ಮೇಲೆ ಹುಂಜ ಕೂಗುತ್ತಿತ್ತು. ಒಣಗಿದ ಹಳ್ಳದಲ್ಲಿ ಬಗ್ಗಿಕೊಂಡು ಹತ್ತಿರವಾಗುತ್ತ ಹೋದೆ. ನಡುವೆ ಹೇಂಟೆಯ ದನಿ ಕೇಳಿಸಿತು, ಮೂರು ನಾಲ್ಕು ಸಲ, ಬಹಳ ಸಮೀಪದಲ್ಲಿ. ಹೇಂಟೆ ಇದ್ದಲ್ಲಿಗೆ ಹುಂಜ ಬಂದೇ ಬರುತ್ತದೆ ಎಂದುಕೊಂಡು ಆ ದನಿಯ ಕಡೆಗೇ ನುಸುಳಿದೆ. ಮುಂದಿನ ಪೊದೆಯ ಆಚೆ ಏನೋ ಕಪ್ಪಗೆ ಕಂಡಂತಾಯಿತು. ಹೆಬ್ಬೆರಳು ಸೇಫ್ಟಿಯ ಮೇಲಿತ್ತು, ಅಂದರೆ ಕೋವಿ ತಾನಾಗಿ ಹಾರದಂತೆ ತಡೆಯುವ ಕೀಲಿನ ಮೇಲೆ. ತೆಗೆದಿರಲಿಲ್ಲ, ತೆಗೆಯುವ ಯೋಚನೆಯಲ್ಲಿದ್ದೆ.

"ಶುಭೋದಯ. ನಿನ್ನ ಎಡಗಡೆಯ ದೊಡ್ಡ ಓಕ್ ಮರದ ಬುಡದಲ್ಲಿ ನಾನು ಕೂತಿದ್ದೇನೆ."

ಎಪ್ಪತ್ತು ದಾಟಿದ ಮನುಷ್ಯ. ನಾನು ಕೇಳಿದ ಹೇಂಟೆ ಅವರೇ. ಕೈ ಎತ್ತಲಿಲ್ಲ, ಎದ್ದು ನಿಲ್ಲಲಿಲ್ಲ, ನಾನು ಕೋವಿಯ ಬಾಯಿ ನೆಲಕ್ಕೆ ತಿರುಗಿಸುವವರೆಗೆ ಕಣ್ಣನ್ನೂ ಮಿಟುಕಿಸಲಿಲ್ಲವೇನೋ. ಆಮೇಲೆ ಫ್ಲಾಸ್ಕಿನಿಂದ ಕಾಫಿ ಸುರಿದು ಕೊಟ್ಟರು. ನನ್ನ ಪ್ಯಾಂಟಿನ ಕೆಳಗೆ ಇಣುಕುತ್ತಿದ್ದ ಬಿಳಿ ಕಾಲುಚೀಲವನ್ನು ತೋರಿಸಿ, ಹುಂಜದ ತಲೆಯ ಬಣ್ಣ ಯಾವುದು ಗೊತ್ತೇ ಎಂದು ಕೇಳಿದರು. ಕೆಂಪು, ಬಿಳಿ, ನೀಲಿ. ಈ ಮೂರು ಬಣ್ಣಗಳಲ್ಲಿ ಯಾವುದೂ ಮೈಮೇಲೆ ಕಾಣಬಾರದು, ಕರವಸ್ತ್ರವೂ ಸೇರಿದಂತೆ. ಯಾರಾದರೂ ನಿಮ್ಮತ್ತ ಬರುತ್ತಿದ್ದರೆ ಕೈ ಬೀಸಬಾರದು, ಹಕ್ಕಿಯಂತೆ ಕೂಗಿ ಎಚ್ಚರಿಸಲೂ ಬಾರದು. ಮನುಷ್ಯನಂತೆ ಗಟ್ಟಿಯಾಗಿ ಮಾತನಾಡಬೇಕು. ಕೂಗು ಕೇಳಿದ ಕಡೆಗೆ ಎಂದಿಗೂ ನುಸುಳಬಾರದು. ಇವನ್ನೆಲ್ಲ ನಾನು ಬೇಟೆ ಶಿಕ್ಷಣದ ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದೆ.

ಆ ವರ್ಷ ನಾನು ಮತ್ತೆ ಕೋವಿ ಮುಟ್ಟಲಿಲ್ಲ. ಉಳಿದ ಬೆಳಗುಗಳಲ್ಲಿ ಬರಿಗೈಯಲ್ಲಿ ಹೋಗಿ ಮರಕ್ಕೆ ಒರಗಿ ಕೂತೆ. ನಿಮಗೂ ಅದನ್ನೇ ಹೇಳುತ್ತೇನೆ: ಮೊದಲ ವಸಂತ ಬರಿಗೈಯಲ್ಲಿ ಹೋಗಿ. ವೀಸಾದ ತಲೆನೋವೂ ಇರುವುದಿಲ್ಲ. ನಿಮ್ಮ ಭುಜಕ್ಕಿಂತ ಅಗಲವಾದ ಮರ ಆರಿಸಿಕೊಳ್ಳಿ, ಬೆನ್ನ ಹಿಂದಿನಿಂದ ಬರುವವನಿಂದ ಅದು ನಿಮ್ಮನ್ನು ಕಾಯುತ್ತದೆ. ಟರ್ಕಿಗೆ ವಾಸನೆ ಅಷ್ಟಾಗಿ ತಿಳಿಯದು, ಆದರೆ ಬಣ್ಣ ಕಾಣುತ್ತದೆ, ತಲೆಯ ಸುತ್ತ ಬಹುಪಾಲು ಕಾಣುತ್ತದೆ. ಸೊಳ್ಳೆ ಹೊಡೆಯಲು ಕೈ ಎತ್ತಿದಿರೋ, ಅಂದಿನ ಬೇಟೆ ಮುಗಿದಂತೆ.

ಜಾಗ ಹುಡುಕುವುದು ಮಾರ್ಚ್ ತಿಂಗಳ ಕೆಲಸ. ಓಕ್ ಮರಗಳ ದಿಣ್ಣೆಗಳು, ಹಳ್ಳದ ಬದಿ, ಅರಣ್ಯ ಇಲಾಖೆಯವರೇ ಬೆಂಕಿ ಕೊಟ್ಟು ಹೊಸ ಚಿಗುರು ಬಂದ ಜಾಗಗಳು. ತರಗೆಲೆ ಕೆದರಿದ ಗುರುತು ನೋಡಿ. ಹಿಕ್ಕೆಯನ್ನೂ ನೋಡಿ: ಹುಂಜದ್ದು ತುದಿ ಬಾಗಿದ ಕೋಲಿನಂತೆ ಉದ್ದ, ಹೇಂಟೆಯದು ಸುರುಳಿ ಗುಪ್ಪೆ. ಸರ್ಕಾರಿ ಕಾಡಿನ ನಡುನಡುವೆ ಖಾಸಗಿ ಜಮೀನು ತುಂಡುತುಂಡಾಗಿ ಸಿಗುತ್ತದೆ. ಮರದ ಕಾಂಡಕ್ಕೆ ನೇರಳೆ ಬಣ್ಣ ಬಳಿದಿದ್ದರೆ ಈ ರಾಜ್ಯದಲ್ಲಿ ಅದರರ್ಥ ಅತಿಕ್ರಮ ಪ್ರವೇಶ ಬೇಡ ಎಂದು. ನಕ್ಷೆಯ ಆ್ಯಪ್‌ಗಾಗಿ ಹಣ ಕೊಡುವುದಾದರೆ ಕೊಡಿ, ಇದೊಂದಕ್ಕೆ ಅದು ಸಾರ್ಥಕ. ಹಕ್ಕಿಯಾಕಾರದ ರಬ್ಬರಿನ ಗೊಂಬೆಗೆ, ಅಂದರೆ ಹಳಗನ್ನಡದವರು 'ದೀವ' ಎನ್ನುತ್ತಿದ್ದುದಕ್ಕೆ, ಸರ್ಕಾರಿ ಕಾಡಿನಲ್ಲಿ ಹಣ ಹಾಕಬೇಡಿ. ಅದನ್ನು ನೋಡಿ ಹುಂಜ ಬರುವುದಕ್ಕಿಂತ ಮುಂಚೆ ಇನ್ನೊಬ್ಬ ಬೇಟೆಗಾರ ಬರಬಹುದು. ಹುಂಜದ ಕೂಗು ಹೊರಡಿಸುವ ಸಾಧನಕ್ಕೂ ಇದೇ ಮಾತು.

ಆರಂಭದ ದಿನ ಹೋಗಬೇಡಿ, ಜಾತ್ರೆ. ಎರಡನೆಯ ಅಥವಾ ಮೂರನೆಯ ವಾರದ ಮಂಗಳವಾರವೋ ಬುಧವಾರವೋ ರಜೆ ಹಾಕಿ. ಗೇಟಿನ ಬಳಿ ಆಗಲೇ ಒಂದು ಕಾರು ನಿಂತಿದ್ದರೆ ಮುಂದಿನ ಗೇಟಿಗೆ ಹೋಗುವುದು ಇಲ್ಲಿನ ಮರ್ಯಾದೆ. ನನ್ನ ನಾಲ್ಕರಲ್ಲಿ ಮೂರು ಹಕ್ಕಿ ಸಿಕ್ಕಿದ್ದು ಬೆಳಗ್ಗೆ ಒಂಬತ್ತರ ಮೇಲೆ. ಮುಂಜಾನೆ ಹುಂಜದ ಸುತ್ತ ಹೇಂಟೆಗಳಿರುತ್ತವೆ, ನಿಮ್ಮ ಪೆಟ್ಟಿಗೆಯ ದನಿ ಅದಕ್ಕೆ ಬೇಕಿಲ್ಲ. ಹೊತ್ತು ಏರಿದಂತೆ ಅವು ಒಂದೊಂದಾಗಿ ಮೊಟ್ಟೆಯಿಡಲು, ಕಾವು ಕೂರಲು ಜಾರಿಕೊಳ್ಳುತ್ತವೆ. ಒಂಟಿಯಾದ ಹುಂಜಕ್ಕೆ ಆಗ ದೂರದ ಒಂದು ಹೆಣ್ಣು ದನಿ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಮಿಕ್ಕ ಬೇಟೆಗಾರರು ತಿಂಡಿಗೆಂದು ಊರು ಸೇರಿರುತ್ತಾರೆ. ಮೂರು ನಾಲ್ಕು ಸಲ ಉಜ್ಜಿ ಪೆಟ್ಟಿಗೆ ಕೆಳಗಿಡಿ, ಇಪ್ಪತ್ತು ನಿಮಿಷ ಮುಟ್ಟಬೇಡಿ. ಕೂಗು ನಿಂತಿತೆಂದರೆ ಹಕ್ಕಿ ಹೋಯಿತೆಂದಲ್ಲ. ಎಷ್ಟೋ ಹುಂಜಗಳು ಬರುವಾಗ ಬಾಯಿ ಬಿಡುವುದೇ ಇಲ್ಲ. ಎದ್ದು ಮೈಮುರಿದ ಕ್ಷಣದಲ್ಲೇ ಹಿಂದಿನಿಂದ ರೆಕ್ಕೆ ಬಡಿದು ಹಾರಿದ ಸದ್ದು ಕೇಳಿ ಹಣೆ ಚಚ್ಚಿಕೊಂಡದ್ದು ನನಗೆ ಲೆಕ್ಕವಿಲ್ಲ.

ಉಣುಗುಗಳ ವಿಷಯ ಮಲೆನಾಡಿನವರಿಗೆ ಹೇಳಬೇಕಿಲ್ಲ, ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗಿನಿಂದ ಅವು ನಮ್ಮ ಹಳೆಯ ವೈರಿಗಳು. ಇಲ್ಲಿನ 'ಲೋನ್ ಸ್ಟಾರ್' ಎಂಬ ಜಾತಿಯ ಉಣುಗು ಕಚ್ಚಿದರೆ ಕೆಲವರಿಗೆ ಕುರಿ, ಹಂದಿ, ದನದ ಮಾಂಸ ಮುಂದೆ ಒಗ್ಗದಂತಾಗುತ್ತದೆ. ಬಟ್ಟೆಗೆ ಹಿಂದಿನ ದಿನವೇ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿ, ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ. ಬಿಳಿಯದಲ್ಲದ ಕಾಲುಚೀಲ.

ಮುಂದಿನ ವರ್ಷ ಕೋವಿ ಹಿಡಿದಾಗ, ಮೊದಲು ನಲವತ್ತು ಗಜ ದೂರದ ಕಾಗದಕ್ಕೆ ಹೊಡೆದು ಚರೆ ಎಷ್ಟು ಹರಡುತ್ತದೆ ಎಂದು ನೋಡಿಕೊಳ್ಳಿ. ಅದಕ್ಕಿಂತ ದೂರದ ಹಕ್ಕಿಯನ್ನು ಬಿಟ್ಟುಬಿಡಿ. ಗುರಿ ತಲೆ ಮತ್ತು ಕತ್ತಿಗೆ. ಗಡ್ಡ ಕಣ್ಣಾರೆ ಕಂಡ ಮೇಲೆಯೇ ಸೇಫ್ಟಿ. ಬಿದ್ದ ಕೂಡಲೇ ಪರವಾನಗಿಯಲ್ಲಿ ಗುರುತು ಹಾಕಿ, ಅದೇ ದಿನ ಇಲಾಖೆಗೆ ಮೊಬೈಲಿನಿಂದ ವರದಿ ಮಾಡಿ. ವರದಿಯಾಗುವವರೆಗೆ ತಲೆ ಪುಕ್ಕ ತೆಗೆಯುವಂತಿಲ್ಲ. ಕಾರಿನವರೆಗೆ ಹೊತ್ತು ನಡೆಯುವಾಗ ಹಕ್ಕಿಯ ಮೇಲೆ ಕಿತ್ತಳೆ ಬಣ್ಣದ ಬಟ್ಟೆ ಹೊದಿಸಿ. ಬೆಳೆದ ಹುಂಜ ಎಂಟು ಹತ್ತು ಕಿಲೋ ತೂಗುತ್ತದೆ, ಮೂರು ಮೈಲಿ ಒಳಗೆ ಹೋಗಿದ್ದರೆ ಭುಜಕ್ಕೆ ತಿಳಿಯುತ್ತದೆ.

ನವೆಂಬರಿನ ಹಬ್ಬದ ಟರ್ಕಿಯಂತೆ ಇಡಿಯಾಗಿ ಓವನ್ನಿಗೆ ತಳ್ಳಬೇಡಿ. ಎದೆಯ ಮಾಂಸ ಮೆದು, ತೆಳ್ಳಗೆ ಕೊಯ್ದು ಕಾಳುಮೆಣಸಿನಲ್ಲಿ ಹುರಿದರೆ ಸಾಕು. ಕಾಲು ಮಾತ್ರ ದಾರದಂಥ ನರ. ಎಲ್ಲರೂ ಅದನ್ನು ಎಸೆಯುತ್ತಾರೆ. ನನ್ನ ಹೆಂಡತಿ ಮೊದಲು ಕುಕ್ಕರಿನಲ್ಲಿ ಹತ್ತು ಸೀಟಿ ಕೂಗಿಸಿ, ನರ ಎಳೆದು ತೆಗೆದು, ಆಮೇಲೆ ನಾಟಿಕೋಳಿಯ ಮಸಾಲೆ ಹಾಕಿ ಸಾರು ಮಾಡುತ್ತಾಳೆ. ಜೊತೆಗೆ ಕಡುಬು. ಆ ಓಕ್ ಮರದ ಅಜ್ಜನಿಗೂ ಒಮ್ಮೆ ಒಂದು ಡಬ್ಬಿ ಕೊಟ್ಟಿದ್ದೆ. ಈಗ ಹಕ್ಕಿ ಹೊಡೆದಾಗಲೆಲ್ಲ ಕಾಲುಗಳನ್ನು ನಮ್ಮ ಮನೆಗೇ ತಂದು ಕೊಡುತ್ತಾರೆ.