ಕಾದಂಬರಿ ಓದಿದ ಮೇಲೆ ‘ದ ಡಾ ವಿಂಚಿ ಕೋಡ್’ ಗೇಮ್ ಆಡಬಹುದಾ?

ಕೊಲೆಯ ಹಿಂದೆ ಯಾರಿದ್ದಾರೆ ಅಂತ ಮೊದಲೇ ಗೊತ್ತಿರುವಾಗ ಗೇಮ್‌ನಲ್ಲಿ ಇನ್ನೇನು ಉಳಿದಿರುತ್ತದೆ ಅಂತ ಕೇಳಿದ್ದೀರಿ. ಪುಸ್ತಕ ಓದದ ಗೆಳೆಯನಿಗೆ ಇದನ್ನು ಕೊಡಬಹುದಾ ಅಂತಲೂ ಕೇಳಿದ್ದೀರಿ. ಡಾನ್ ಬ್ರೌನ್ ಅವರ ಕಾದಂಬರಿಯನ್ನು ಎರಡು ಸಲ ಓದಿದ ಮೇಲೆಯೇ ನಾನು ಈ ಗೇಮ್ ಆಡಿದ್ದು. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಖಂಡಿತ ಆಡಿ. ಕಥೆಗಾಗಿ ಬೇಡ, ಒಗಟುಗಳಿಗಾಗಿ ಆಡಿ.

ಕಾದಂಬರಿ 2003ರಲ್ಲಿ ಬಂತು. ಸಿನಿಮಾ, ಗೇಮ್ ಎರಡೂ 2006ರ ಮೇ ತಿಂಗಳಲ್ಲಿ ಬಂದವು. ಗೇಮ್ ತಯಾರಿಸಿದ್ದು ದ ಕಲೆಕ್ಟಿವ್, ಹೊರತಂದದ್ದು 2ಕೆ ಗೇಮ್ಸ್. ಪಿಸಿ, ಪ್ಲೇಸ್ಟೇಷನ್ 2 ಮತ್ತು ಎಕ್ಸ್‌ಬಾಕ್ಸ್‌ಗೆ ಬಿಡುಗಡೆಯಾಗಿತ್ತು. ಸಿನಿಮಾ ಜೊತೆಗೇ ಬಂದರೂ ಇದು ಪುಸ್ತಕವನ್ನು ಹಿಡಿದು ಮಾಡಿದ ಗೇಮ್. ಕಥಾನಾಯಕ ಪ್ರೊಫೆಸರ್ ಲ್ಯಾಂಗ್ಡನ್‌ಗೆ ಇಲ್ಲಿ, ಸಿನಿಮಾದಲ್ಲಿ ಆ ಪಾತ್ರ ಮಾಡಿದ ಟಾಮ್ ಹ್ಯಾಂಕ್ಸ್ ಮುಖ ಇಲ್ಲ. ನನಗೆ ಅದೇ ಇಷ್ಟವಾಯಿತು.

ಪುಸ್ತಕದ ಆರಂಭ ನೆನಪಿಸಿಕೊಳ್ಳಿ. ಪ್ಯಾರಿಸಿನ ಲೂವ್ರ್ ಮ್ಯೂಸಿಯಂನಲ್ಲಿ ಹೆಣದ ಪಕ್ಕ 13-3-2-21-1-1-8-5 ಅಂತ ಬರೆದಿರುತ್ತದೆ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದರೆ 1, 1, 2, 3, 5, 8, 13, 21. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುವ ಫಿಬೊನಾಚಿ ಸರಣಿ. ಓದುವಾಗ ನಾವು ಇದನ್ನು ನಿಜವಾಗಿ ಬಿಡಿಸುವುದೇ ಇಲ್ಲ, ಅಲ್ವಾ? ಸ್ವಲ್ಪ ಮುಂದೆ ಹೋದರೆ ಗುಪ್ತಲಿಪಿ ಬಿಡಿಸುವ ಪೊಲೀಸ್ ಅಧಿಕಾರಿ ಸೋಫಿಯೇ ಬಿಡಿಸಿ ಹೇಳುತ್ತಾಳೆ. ಗೇಮ್‌ನಲ್ಲಿ ಆ ಅನುಕೂಲ ಇಲ್ಲ. ನಿಮಗೆ ಹೊಳೆಯುವವರೆಗೆ ಕಥೆ ಅಲ್ಲೇ ನಿಂತಿರುತ್ತದೆ. ಮೇಲಾಗಿ, ಓದಿದವರಿಗೂ ಸುಲಭವಾಗಬಾರದು ಅಂತ ಪುಸ್ತಕದಲ್ಲಿ ಇಲ್ಲದ ಒಗಟುಗಳನ್ನೂ ಸೇರಿಸಿದ್ದಾರೆ.

ನನ್ನನ್ನು ಹಿಡಿದು ಕೂರಿಸಿದ್ದು ಒಂದು ಅಕ್ಷರದ ಬದಲು ಇನ್ನೊಂದು ಅಕ್ಷರ ಬರೆದಿಡುವ ಗುಪ್ತಲಿಪಿ. ಪರದೆ ಮೇಲಿದ್ದ ಸಾಲನ್ನು ಹಾಗೇ ಕಾಗದಕ್ಕೆ ಇಳಿಸಿಕೊಂಡೆ. ಯಾವ ಅಕ್ಷರ ಎಷ್ಟು ಸಲ ಬಂದಿದೆ ಅಂತ ಗೀಟು ಹಾಕುತ್ತಾ ಎಣಿಸಿದೆ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವುದು ‘ಇ’ (e). ಒಂಟಿಯಾಗಿ ನಿಂತ ಅಕ್ಷರ ‘ಎ’ (a) ಅಥವಾ ‘ಐ’ (I) ಆಗಿರಬೇಕು. ಮೂರಕ್ಷರದ ಪದ ಮತ್ತೆ ಮತ್ತೆ ಬಂದರೆ ‘ದ’ (the) ಇರಬಹುದು. ಮೊದಲು ಹಾಕಿದ ಲೆಕ್ಕ ತಪ್ಪಾಯಿತು, ಪೂರ್ತಿ ಅಳಿಸಿ ಮತ್ತೆ ಶುರು ಮಾಡಿದೆ. ಆಮೇಲೆ ಒಂದು ಪದ ಕೂತಿತು. ಅದರ ಹಿಂದೆಯೇ ಉಳಿದವು ಪಟಪಟ ಬಿದ್ದವು. ಆಗಿನ ಖುಷಿ ಆ ಪುಸ್ತಕದ ಯಾವ ಪುಟದಲ್ಲೂ ನನಗೆ ಸಿಕ್ಕಿರಲಿಲ್ಲ.

ಕ್ರಿಪ್ಟೆಕ್ಸ್ ಕೂಡ ಹಾಗೇ. ಅದು ಗುಟ್ಟಿನ ಚೀಟಿ ಇಡುವ, ಸರಿಯಾದ ಪದ ಜೋಡಿಸಿದರೆ ಮಾತ್ರ ತೆರೆಯುವ ಕೊಳವೆ. ಅಕ್ಷರ ಕೆತ್ತಿದ ಐದು ಬಳೆಗಳು, ಒಂದೊಂದರಲ್ಲೂ 26 ಅಕ್ಷರ. ಒಟ್ಟು 1,18,81,376 ಜೋಡಣೆಗಳು ಸಾಧ್ಯ. ಸುಮ್ನೆ ತಿರುಗಿಸುತ್ತಾ ಕೂತರೆ ಆಗುವ ಕೆಲಸ ಅಲ್ಲ. ಒಡೆದು ನೋಡೋಣ ಅಂದರೆ ಒಳಗಿನ ವಿನೆಗರ್ ಸೀಸೆ ಒಡೆದು ಚೀಟಿ ಕರಗಿಹೋಗುತ್ತದೆ. ಕ್ರಿಪ್ಟೆಕ್ಸನ್ನು ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿ ಕಂಡುಹಿಡಿದದ್ದು ಅಂತ ಕಥೆ ಹೇಳುತ್ತದೆ. ನಿಜದಲ್ಲಿ ಅದು ಕಾದಂಬರಿಕಾರರ ಕಲ್ಪನೆ. ಲಿಯೊನಾರ್ಡೊ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ ಬರೆಯುತ್ತಿದ್ದದ್ದು ಮಾತ್ರ ನಿಜ.

ಒಂದು ತೊಡಕು ಮೊದಲೇ ಹೇಳಿಬಿಡುತ್ತೇನೆ. ಪದದ ಅಕ್ಷರಗಳನ್ನು ಅದಲುಬದಲು ಮಾಡಿ ಹೊಸ ಪದ ಕಟ್ಟುವ ಒಗಟುಗಳೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ ಸ್ವರ ವ್ಯಂಜನಕ್ಕೆ ಅಂಟಿಕೊಂಡೇ ಇರುತ್ತದೆ, ಅದನ್ನು ಕಿತ್ತು ಬೇರೆ ಕಡೆ ಇಡುವ ಅಭ್ಯಾಸ ನಮ್ಮ ಕಣ್ಣಿಗಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಚೀಟಿಗಳಲ್ಲಿ ಬರೆದು ಮೇಜಿನ ಮೇಲೆ ಸರಿಸಾಡಿ. ನನಗೆ ಅದರಿಂದ ತುಂಬಾ ಸಹಾಯ ಆಯಿತು.

ಇನ್ನು ಹೊಡೆದಾಟ. ಇದನ್ನು ಸಹಿಸಿಕೊಳ್ಳಬೇಕು. ಕಾವಲುಗಾರ ಹಿಡಿದುಕೊಂಡರೆ ಪರದೆ ಮೇಲೆ ಬಟನ್‌ಗಳ ಸಾಲು ಬರುತ್ತದೆ, ಸಮಯ ಮುಗಿಯುವುದರೊಳಗೆ ಅದೇ ಕ್ರಮದಲ್ಲಿ ಒತ್ತಬೇಕು. ಮೊದಮೊದಲು ಪರವಾಗಿಲ್ಲ. ಹತ್ತನೇ ಸಲಕ್ಕೆ ಬೇಸರ ಬರುತ್ತದೆ. ಸಂಕೇತಗಳ ಪಾಠ ಮಾಡುವ ಪ್ರೊಫೆಸರ್ ಸಿಕ್ಕಸಿಕ್ಕವರನ್ನು ಗುದ್ದುವುದು ಆ ಪಾತ್ರಕ್ಕೆ ಒಪ್ಪುವುದೂ ಇಲ್ಲ. ಸಾಧ್ಯವಾದಷ್ಟು ಕಣ್ಣು ತಪ್ಪಿಸಿ ಹಿಂದಿನಿಂದ ನುಸುಳಿ ಹೋಗಿ.

ಜಾಗಗಳನ್ನು ನಿಧಾನವಾಗಿ ನೋಡಿ, ಆದರೆ ಅಲ್ಲಿ ಕೇಳಿದ್ದನ್ನೆಲ್ಲ ಇತಿಹಾಸ ಅಂದುಕೊಳ್ಳಬೇಡಿ. ಲೂವ್ರ್ ಪಿರಮಿಡ್‌ನಲ್ಲಿ 666 ಗಾಜು ಇದೆ ಅಂತ ಕಾದಂಬರಿ ಹೇಳುತ್ತದೆ, ಮ್ಯೂಸಿಯಂ ಲೆಕ್ಕ 673. ಸಾಂ ಸುಲ್ಪೀಸ್ ಚರ್ಚ್‌ನ ನೆಲದಲ್ಲಿರುವ ಹಿತ್ತಾಳೆ ಗೆರೆ ನಿಜ. ಅದು 18ನೇ ಶತಮಾನದಲ್ಲಿ ಸೂರ್ಯನ ಬೆಳಕು ಬೀಳುವ ಜಾಗ ನೋಡಿ ಈಸ್ಟರ್ ದಿನ ಗೊತ್ತುಮಾಡಲು ಹಾಕಿದ್ದು, ಯಾವ ಗುಪ್ತ ಪಂಥಕ್ಕೂ ಸಂಬಂಧ ಇಲ್ಲ. ಕಥೆಯಲ್ಲಿ ಪುರಾತನ ಗುಪ್ತ ಪಂಥವಾಗಿ ಬರುವ ಪ್ರಯರಿ ಆಫ್ ಸಿಯೋನ್ ಅಂತೂ 1956ರಲ್ಲಿ ಪಿಯೆರ್ ಪ್ಲಾಂಟಾರ್ ಮತ್ತು ಜೊತೆಯವರು ಹುಟ್ಟುಹಾಕಿದ ಸಂಘ. ಹಳೆಯ ಚರಿತ್ರೆಯನ್ನು ಅದಕ್ಕೆ ಆಮೇಲೆ ಕಟ್ಟಿದರು.

ನಿಮ್ಮ ಗೆಳೆಯನಿಗೆ ಮಾತ್ರ ಮೊದಲು ಪುಸ್ತಕ ಕೊಡಿ. ಒಳ್ಳೆಯ ಒಗಟು ಎರಡನೇ ಸಲ ಬೇರೆ ರೂಪದಲ್ಲಿ ಬಂದರೂ ರುಚಿಸುತ್ತದೆ. ಆದರೆ ರಹಸ್ಯ ಬಯಲಾಗುವ ಆ ಕ್ಷಣ ಒಂದೇ ಸಲ ಸಿಗುವುದು, ಅದನ್ನು ಕಾದಂಬರಿಯೇ ಚೆನ್ನಾಗಿ ಕೊಡುತ್ತದೆ. ನೀವು ಪೆನ್ಸಿಲ್, ಕಾಗದ ಇಟ್ಟುಕೊಂಡು ಇವತ್ತೇ ಶುರು ಮಾಡಿ. ಎಲ್ಲಾದರೂ ಸಿಕ್ಕಿಕೊಂಡರೆ ಉತ್ತರ ಹುಡುಕಲು ಹೋಗಬೇಡಿ, ಇಲ್ಲೇ ಕೆಳಗೆ ಬರೆಯಿರಿ. ಸುಳಿವು ಮಾತ್ರ ಕೊಡುತ್ತೇನೆ.