ಎಂಟು ತಿಂಗಳಾಯ್ತು, ಅವಳಿನ್ನೂ ಕ್ಷಮಿಸಿಲ್ಲ!

ಕುಡಿತ ಬಿಡಿಸುವ ಡಾಕ್ಟರಾದ ನನಗೆ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ದೂರು. ಊರು ಬೇರೆ, ಕೈಬರಹ ಬೇರೆ, ಅಷ್ಟೇ. ಹಾಗಾಗಿ ಅದೊಂದಕ್ಕೆ ಉದ್ದ ಉತ್ತರ.

ಪ್ರಶ್ನೆ: ಬೈತಖೋಲದಲ್ಲಿ ಟ್ರಾಲ್ ಬೋಟಿನ ಕೆಲಸ. ಕುಡಿತ ಬಿಟ್ಟು ಎಂಟು ತಿಂಗಳಾಯ್ತು. ಹೆಂಡತಿಯ ಬಳೆ ಅಡವಿಟ್ಟು ಕುಡಿದವನು ನಾನು. ನೂರು ಸಲ ಕ್ಷಮೆ ಕೇಳಿದೆ, ಅವಳು ಮಾತೇ ಆಡುವುದಿಲ್ಲ. ನನ್ನ ಮೇಲೆ ನನಗೇ ಅಸಹ್ಯ. – ಕಾರವಾರ

ಉತ್ತರ: ನೂರಾ ಒಂದನೇ ಸಲ ಕೇಳಬೇಡಿ. ಕುಡಿಯುತ್ತಿದ್ದಾಗಲೂ ಮಾರನೇ ಬೆಳಿಗ್ಗೆ ಇದನ್ನೇ ಹೇಳುತ್ತಿದ್ದಿರಿ ಅಲ್ವಾ? ಆಕೆಯ ಕಿವಿಗೆ ಆಗಿನದೂ ಈಗಿನದೂ ಒಂದೇ. ಅದೂ ಅಲ್ಲದೆ, ಕೇಳಿದಾಗಲೆಲ್ಲ ನಿಮ್ಮನ್ನು ಸಮಾಧಾನ ಮಾಡುವ ಕೆಲಸವನ್ನೂ ಆಕೆಗೇ ಹಚ್ಚುತ್ತಿದ್ದೀರಿ.

ಬಳೆ ಈಗ ಎಲ್ಲಿದೆ? ಅದನ್ನು ನೀವು ಬರೆದೇ ಇಲ್ಲ. ಇನ್ನೂ ಅಡವಿನಲ್ಲಿದ್ದರೆ ಬಡ್ಡಿ ಕಟ್ಟಿ. ಹರಾಜಾಗಿದ್ದರೆ ತಿಂಗಳಿಗಿಷ್ಟು ಅಂತ ಆಕೆಯ ಖಾತೆಗೆ ಹಾಕಿ. ಪಾಸ್‌ಬುಕ್ ಆಕೆಯ ಹತ್ತಿರವೇ ಇರಲಿ. ಭಾಷಣ ಬೇಡ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು, ಅವರಲ್ಲೊಬ್ಬ ಡಾಕ್ಟರು, ಸೇರಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡುವವರ ಸಂಘ ಶುರು ಮಾಡಿದರು. ಅದರ 12 ಹೆಜ್ಜೆಗಳಲ್ಲಿ ಎಂಟನೆಯದು ಯಾರಿಗೆಲ್ಲ ಕೆಡುಕು ಮಾಡಿದೆ ಅಂತ ಪಟ್ಟಿ ಮಾಡುವುದು. ಒಂಬತ್ತನೆಯದು ಆದಷ್ಟು ಅದನ್ನು ಸರಿಮಾಡುವುದು. ಎದುರಿನವರು ಕ್ಷಮಿಸಲೇಬೇಕು ಅಂತ ಎಲ್ಲೂ ಇಲ್ಲ. ಸರಿಮಾಡಲು ಹೋಗಿ ಅವರಿಗೇ ಮತ್ತೆ ಗಾಯವಾಗುವುದಾದರೆ ಸುಮ್ನಿರಿ ಎಂದೂ ಅಲ್ಲೇ ಇದೆ. ಎದೆ ಹಗುರ ಮಾಡಿಕೊಳ್ಳಲು ರಾತ್ರಿ ಹನ್ನೊಂದಕ್ಕೆ ಹೆಂಡತಿಯನ್ನು ಎಬ್ಬಿಸಿ ಹಳೇ ಗುಟ್ಟನ್ನೆಲ್ಲ ಒಪ್ಪಿಸುವವರು ಇದನ್ನು ಎರಡು ಸಲ ಓದಿ.

ಇನ್ನು ಅಸಹ್ಯ. 'ತಪ್ಪು ಮಾಡಿದೆ' ಅನ್ನುವವನಿಗೆ ಬಳೆ ಬಿಡಿಸುವ ಕೆಲಸವಾದರೂ ಇದೆ. 'ನಾನೇ ಕೆಟ್ಟವನು' ಅನ್ನುವವನಿಗೆ ಏನಿದೆ? ಒಂದು ದಿನ ಜಾರಿದವನು 'ನನ್ನ ಹಣೆಬರಹವೇ ಇಷ್ಟು' ಅಂತ ವಾರವಿಡೀ ಕುಡಿದು ಮತ್ತೆ ನನ್ನೆದುರು ಬಂದು ಕೂರುತ್ತಾನೆ. ಇಂಥವರನ್ನು ಎಷ್ಟೋ ಜನರನ್ನು ನೋಡಿ ಸಾಕಾಗಿದೆ. ನಿಮ್ಮನ್ನು ನೀವು ಒಪ್ಪಿಕೊಳ್ಳಿ ಅಂದರೆ ಖುಲಾಸೆ ಕೊಟ್ಟುಕೊಳ್ಳಿ ಅಂತಲ್ಲ. ಅಡವಿಟ್ಟವನೂ ನಾನೇ, ಬಿಡಿಸಬೇಕಾದವನೂ ನಾನೇ ಅಂದುಕೊಂಡು ನಾಳೆ ಬೋಟಿಗೆ ಹೋಗುವುದು, ಅಷ್ಟೇ.

ನಿಮ್ಮ ಹೆಂಡತಿಯ ಮೌನಕ್ಕಿಂತ ನನಗೆ ಮಳೆಗಾಲದ ಭಯ ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, 61 ದಿನ ಬೋಟು ದಡದಲ್ಲಿ. ಕೆಲಸ ಇಲ್ಲ, ಮನೆಯಲ್ಲಿ ಮಾತಿಲ್ಲ, ಗಡಿಯ ಮಾಜಾಳಿ ದಾಟಿದರೆ ಗೋವೆಯ ಅಗ್ಗದ ಸರಕು. ಬಲೆ ಹೆಣೆಯುವುದೋ ಮತ್ತೊಂದೋ, ಈಗಲೇ ಕೆಲಸ ಗೊತ್ತು ಮಾಡಿಕೊಳ್ಳಿ. ಮೇ ಕೊನೆಗೆ ಡಾಕ್ಟರನ್ನು ಕಂಡುಬನ್ನಿ. ನಡುರಾತ್ರಿ ತಡೆಯದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಜಾಸ್ತಿ ಹೆದರುವ ಡಾಕ್ಟರು ಅಂತ ಬೈದುಕೊಳ್ಳಿ, ಪರವಾಗಿಲ್ಲ.

ಪ್ರಶ್ನೆ: ಗಂಡನಿಗೆ ತಿಳಿಯದ ಹಾಗೆ ಸಾರಿಗೆ ಬೆರೆಸುವ, ಕುಡಿತ ಬಿಡಿಸುವ ಪುಡಿ ಜಾತ್ರೆಯಲ್ಲಿ ಸಿಕ್ಕಿದೆ. ಕೊಡಲಾ? – ಶಿರಸಿ

ಉತ್ತರ: ಬಚ್ಚಲಿಗೆ ಹಾಕಿ. ಇಂಥ ಪುಡಿಯಲ್ಲಿ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆ ಅರೆದು ಹಾಕಿರಬಹುದು. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ಬಿಪಿ ಇಳಿದು ಜೀವವೇ ಹೋದೀತು. ನಾವೂ ಅದೇ ಮಾತ್ರೆ ಕೊಡುತ್ತೇವೆ, ಆದರೆ ನುಂಗುವವನಿಗೆ ಹೇಳಿ, ಒಪ್ಪಿಸಿ ಕೊಡುತ್ತೇವೆ. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಏನಾದರೂ ಆದರೆ ಪುಡಿಯವನಿಗಾಗಿ ಅಲ್ಲಿಯವರೆಗೆ ಕಾಯ್ತೀರಾ?

ಪ್ರಶ್ನೆ: ಬೆಳಿಗ್ಗೆ ಕುಡಿಯದಿದ್ದರೆ ಮಗನ ಕೈ ನಡುಗುತ್ತದೆ. ದೇವರ ಮುಂದೆ ಆಣೆ ಮಾಡಿಸಿ ನಾಳೆಯೇ ಪೂರ್ತಿ ಬಿಡಿಸುತ್ತೇವೆ. – ಕುಮಟಾ

ಉತ್ತರ: ಆಣೆ ಆಮೇಲೆ, ಮೊದಲು ಆಸ್ಪತ್ರೆ. ಕೈ ನಡುಗುವವರು ಒಮ್ಮೆಲೇ ಬಿಟ್ಟರೆ ಎರಡು ದಿನದೊಳಗೆ ಫಿಟ್ಸ್, ಅದರ ಹಿಂದೆಯೇ ಸನ್ನಿ ಬರಬಹುದು.

ಪ್ರಶ್ನೆ: ಬಿಟ್ಟು ವರ್ಷವಾಯ್ತು. ಮದುವೆಮನೆಯಲ್ಲಿ ಒಂದೇ ಒಂದು ಬಿಯರ್? – ಹೊನ್ನಾವರ

ಉತ್ತರ: ಬೇಡ. ಊಟ ಮಾಡಿ ಬನ್ನಿ.